ಒಂದೇ ಪದ, ಬೇರೆ ಬೇರೆ ಹೊತ್ತು

ಸ್ಪೇನಿನ ವಲೆನ್ಸಿಯಾಗೆ ಬಂದ ಹೊಸತರಲ್ಲಿ ಪಕ್ಕದ ಮನೆಯ ಅಜ್ಜಿ ಶನಿವಾರ 'ಅಲ್ಮುಯೆರ್ಸೊ'ಗೆ ಬನ್ನಿ ಅಂತ ಕರೆದರು. ಸ್ಪ್ಯಾನಿಷ್ ತರಗತಿಯಲ್ಲಿ ಆ ಪದಕ್ಕೆ ಮಧ್ಯಾಹ್ನದ ಊಟ ಅಂತಲೇ ಕಲಿತಿದ್ದೆ. ನನ್ನ ಜೊತೆ ಕರೆದಿದ್ದ ಪೋರ್ಚುಗಲ್‌ನ ಗೆಳೆಯನಿಗೂ ಅನುಮಾನ ಬರಲಿಲ್ಲ. ಅವರ ಭಾಷೆಯ 'ಅಲ್ಮೋಸು' ಮಧ್ಯಾಹ್ನದ ಊಟವೇ. ಇಬ್ಬರೂ ಒಂದೂವರೆಗೆ ಹೋದೆವು. ಮೇಜಿನ ಮೇಲೆ ಕಡಲೇಕಾಯಿ ಸಿಪ್ಪೆ, ಆಲಿವ್ ಬೀಜ. ನಮ್ಮ ಪಾಲಿನ ಬ್ರೆಡ್ ಮೇಲೆ ಬಟ್ಟೆ ಮುಚ್ಚಿಟ್ಟು ಅಜ್ಜಿ ಹತ್ತು ಗಂಟೆಯಿಂದ ಕಾದಿದ್ದರು. ಅವರ ಮುಖ ನೋಡಿ ತುಂಬಾ ಬೇಜಾರಾಯಿತು.

ಸ್ಪ್ಯಾನಿಷ್ ಜೊತೆಗೆ ಈ ಊರಿನ ಇನ್ನೊಂದು ಮಾತು ಕ್ಯಾಟಲನ್, ಇಲ್ಲಿ ಅದನ್ನು ವಲೆನ್ಸಿಯನ್ ಅನ್ನುತ್ತಾರೆ. ಅದರಲ್ಲಿ ಇದೇ ಪದ 'ಎಸ್ಮೊರ್ಜಾರ್'. ಬಾರ್ಸಿಲೋನಾದಲ್ಲಿ ಹಾಗಂದರೆ ಬೆಳಗಿನ ತಿಂಡಿ. ಇಲ್ಲಿ ಮಾತ್ರ ಎದ್ದ ಕೂಡಲೇ ತಿನ್ನುವುದಕ್ಕೆ ಬೇರೆ ಹೆಸರಿದೆ. ಎಸ್ಮೊರ್ಜಾರ್ ಅಂದರೆ ಹತ್ತರ ಸುಮಾರಿಗೆ ಎಲ್ಲರೂ ಕೂತು, ಹರಟುತ್ತಾ ತಿನ್ನುವ ದೊಡ್ಡ ಬ್ರೆಡ್ಡು, ಆಮೇಲೆ ಕಾಫಿ. ಅಜ್ಜಿ ಸ್ಪ್ಯಾನಿಷ್ ಮಾತಾಡುವಾಗಲೂ ಅವರ ಮನಸ್ಸಿನಲ್ಲಿದ್ದದ್ದು ಆ ಹೊತ್ತೇ.

ಮೂರೂ ಪದಗಳ ಬೇರು ಲ್ಯಾಟಿನ್ನಿನ 'ಕಚ್ಚು' ಅನ್ನುವ ಮಾತು. ಯಾವಾಗ ಕಚ್ಚಬೇಕು ಅಂತ ಬೇರು ಹೇಳುವುದಿಲ್ಲ, ಅಲ್ವಾ? ಪೋರ್ಚುಗೀಸರ 'ಜಂತಾರ್' ಇನ್ನೂ ದೂರ ಹೋಗಿದೆ. ಲ್ಯಾಟಿನ್ನಿನಲ್ಲಿ ಅದು ಬೆಳಗಿನ ತಿಂಡಿ ತಿನ್ನುವುದು. ಈಗ ಪೋರ್ಚುಗಲ್‌ನಲ್ಲಿ ರಾತ್ರಿ ಊಟ!

ಆವತ್ತು ನನಗೆ ಹೈದರಾಬಾದಿನ ರೂಮು ನೆನಪಾಯಿತು. ರಾತ್ರಿ ಒಂಬತ್ತಕ್ಕೆ ತೆಲುಗು ಗೆಳೆಯ 'ತಿಂಡಿ ತಿನ್ನಾವಾ?' ಅಂತ ಕೇಳುತ್ತಿದ್ದ. 'ಈ ಹೊತ್ತಲ್ಲಿ ಎಂಥ ತಿಂಡಿ? ಊಟ ಅನ್ನು' ಅಂತ ನಾನು ಪ್ರತಿ ಸಲ ತಿದ್ದುತ್ತಿದ್ದೆ. ತೆಲುಗಿನಲ್ಲಿ ತಿಂಡಿ ಅಂದರೆ ಆಹಾರ, ಯಾವ ಹೊತ್ತಿನದಾದರೂ ಸರಿ. ನಮ್ಮ ಪದವನ್ನು ಅವನು ಕೆಡಿಸುತ್ತಿದ್ದಾನೆ ಅಂತ ನನಗೆ ಅನಿಸಿತ್ತು. ತಿನ್ನು ಅನ್ನುವ ಮಾತು ಅವರ ಮನೆಯದೂ ಹೌದು ಅಂತ ಹೊಳೆದೇ ಇರಲಿಲ್ಲ.

ಅಜ್ಜಿ ನಮ್ಮನ್ನು ತಿದ್ದಲಿಲ್ಲ. 'ನಿಮ್ಮ ಕಡೆ ಅದು ಎಷ್ಟು ಹೊತ್ತಿಗೆ?' ಅಂತ ಗೆಳೆಯನನ್ನು ಕೇಳಿದರು. ಅವನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ನಾವು ಇಷ್ಟನ್ನಾದರೂ ಮಾಡಬೇಕು. ತಿಂಡಿ ಅಂತ ಬರೆಸುವಾಗ ತೆಲುಗರ ತಿಂಡಿಯನ್ನೂ ಹೇಳಿಕೊಡಬೇಕು. ತರಗತಿಯಲ್ಲಿ ತೆಲುಗು ಮನೆಯ ಮಗುವಿದ್ದರೆ ಅದರ ಬಾಯಿಂದಲೇ ಹೇಳಿಸಬೇಕು.

ಆಮೇಲೆ ಅಜ್ಜಿ ಬಟ್ಟೆ ಸರಿಸಿ, ಬ್ರೆಡ್ಡನ್ನು ಮತ್ತೆ ಬಿಸಿ ಮಾಡಿ ಕೊಟ್ಟರು.