ವಾಕ್ಯ ಮುಗಿಸಿದ್ದಕ್ಕೆ ಸಿಡುಕನೆಂಬ ಹಣೆಪಟ್ಟಿ

ವಾಕ್ಯದ ಕೊನೆಗೆ ಪೂರ್ಣವಿರಾಮ ಇಟ್ಟವನು ಸಿಡುಕ, ಮೂರು ಪ್ರಶ್ನಾರ್ಥಕ ಚಿಹ್ನೆ ಒತ್ತಿ ಗದರಿದವನು ಮಾತ್ರ ಚುರುಕಿನ ಮನುಷ್ಯ ಎಂದು ತೀರ್ಮಾನಿಸುವ ಈ ವಾಟ್ಸಾಪ್ ನ್ಯಾಯ ನನಗೆ ಸಾಕುಸಾಕಾಗಿ ಹೋಗಿದೆ.

ದಾವಣಗೆರೆಯಲ್ಲಿ ನಾನು ಕೆಲಸ ಮಾಡುವ ಕಚೇರಿಯ ಗುಂಪಿನಲ್ಲಿ ಬೆಳಗಾದರೆ “ನಿನ್ನೆಯ ಲೆಕ್ಕ ಎಲ್ಲಿ???” ಎಂಬ ಸಂದೇಶ ಮೇಲಿನವರಿಂದ ಬಂದು ಬೀಳುತ್ತದೆ. ಅದನ್ನು ಯಾರೂ ಒರಟುತನ ಎನ್ನುವುದಿಲ್ಲ. ಮೊನ್ನೆ ಅದಕ್ಕೆ ನಾನು “ಲೆಕ್ಕ ಸಿದ್ಧವಿದೆ ಸರ್. ಹನ್ನೊಂದರೊಳಗೆ ಕಳುಹಿಸುತ್ತೇನೆ.” ಎಂದು ಉತ್ತರಿಸಿದೆ. ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬರು ಪಕ್ಕಕ್ಕೆ ಕರೆದು, “ಯಾಕ್ರೀ ಸಾಹೇಬ್ರಿಗೆ ಅಷ್ಟು ಖಡಕ್ಕಾಗಿ ಬರೆದ್ರಿ? ಬೇಜಾರು ಮಾಡ್ಕೊಂಡಾರೆ ನೋಡ್ರಿ” ಎಂದರು. ಆ ಎರಡು ವಾಕ್ಯಗಳಲ್ಲಿ ಖಡಕ್ಕಾದದ್ದು ಯಾವುದೆಂದು ಕೇಳಿದರೆ ಅವರು ಬೆರಳಿಟ್ಟು ತೋರಿಸಿದ್ದು ಕೊನೆಯ ಚುಕ್ಕಿಯನ್ನು! ‘ಸರ್’ ಎಂದದ್ದು, ಕೆಲಸ ಮುಗಿದದ್ದು, ಹೊತ್ತು ಹೇಳಿದ್ದು ಯಾವುದೂ ಲೆಕ್ಕಕ್ಕೆ ಬರಲಿಲ್ಲ.

ಮನೆಯಲ್ಲಾದರೂ ನೆಮ್ಮದಿಯೇ ಎಂದರೆ ಅಲ್ಲಿಯೂ ಇದೇ ಪಾಡು. ಹರಿಹರದ ಅತ್ತಿಗೆ ಮನೆಯವರ ಗುಂಪಿನಲ್ಲಿ ನಾಮಕರಣಕ್ಕೆ ಕರೆದಾಗ “ಸರಿ ಅತ್ತಿಗೆ, ಬರುತ್ತೇವೆ.” ಎಂದು ಬರೆದದ್ದಕ್ಕೆ, ನಮಗೆ ಬರಲು ಮನಸ್ಸಿಲ್ಲವೆಂದು ಅವರು ಊರಿಗೆಲ್ಲ ಹೇಳಿದರು. ಅದೇ ಗುಂಪಿನಲ್ಲಿ “ನೋಡೋಣ....” ಎಂದು ಚುಕ್ಕಿಗಳನ್ನು ಸುರಿದು ಕೊನೆಗೆ ಬಾರದೆಯೇ ಉಳಿದವರ ಮೇಲೆ ಯಾರಿಗೂ ಮುನಿಸಿಲ್ಲ.

ಈ ಭಾವನೆ ನಮ್ಮವರಿಗೆ ಮಾತ್ರ ಬಂದದ್ದಲ್ಲ ಎಂಬುದು ನನಗೂ ಗೊತ್ತು. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 126 ವಿದ್ಯಾರ್ಥಿಗಳಿಗೆ ಇಂಗ್ಲಿಷಿನ ಚುಟುಕು ಸಂಭಾಷಣೆಗಳನ್ನು ಓದಿಸಿ, ಫೋನ್ ಸಂದೇಶದಲ್ಲಿ ಪೂರ್ಣವಿರಾಮವಿದ್ದ ಉತ್ತರಗಳು ಅವರಿಗೆ ಅಷ್ಟು ಪ್ರಾಮಾಣಿಕವಾಗಿ ಕಾಣಲಿಲ್ಲವೆಂದು 2015ರಲ್ಲಿ ವರದಿ ಮಾಡಿದ್ದರು. ಆದರೆ ಈ ಮಾತನ್ನು ನನ್ನೆದುರು ಹಿಡಿಯುವವರು ಉಳಿದರ್ಧವನ್ನು ನುಂಗಿಬಿಡುತ್ತಾರೆ. ಅಲ್ಲಿ ಪರೀಕ್ಷಿಸಿದ್ದು ಒಂದೇ ಪದದ ಉತ್ತರಗಳನ್ನು. ಅವೇ ಉತ್ತರಗಳನ್ನು ಕೈಬರಹದ ಚೀಟಿಯಲ್ಲಿ ತೋರಿಸಿದಾಗ ಆ ವ್ಯತ್ಯಾಸ ಕಾಣಲೇ ಇಲ್ಲ. ಅಂದರೆ ದೋಷ ಚುಕ್ಕಿಯಲ್ಲಿಲ್ಲ, ಫೋನಿನಲ್ಲಿ ಬೆಳೆದ ರೂಢಿಯಲ್ಲಿದೆ. ಸಂದೇಶದ ಚೌಕವೇ ಮಾತನ್ನು ಮುಗಿಸುವುದರಿಂದ ಚುಕ್ಕಿ ಅನವಶ್ಯಕವೆನಿಸಿ, ಇಟ್ಟವನು ಬೇಕೆಂದೇ ಇಟ್ಟನೆಂಬ ಅನುಮಾನ ಹುಟ್ಟುತ್ತದೆ. ಎಷ್ಟೋ ಫೋನುಗಳಲ್ಲಿ ಖಾಲಿ ಜಾಗದ ಗುಂಡಿಯನ್ನು ಎರಡು ಸಲ ಒತ್ತಿದರೆ ಪೂರ್ಣವಿರಾಮ ತಾನಾಗಿಯೇ ಬೀಳುತ್ತದೆ. ಅದಕ್ಕೂ ನನ್ನ ಮುಖದಲ್ಲಿ ಸಿಟ್ಟು ಹುಡುಕಬೇಕೇ?

ಇಂಗ್ಲಿಷಿನ ಒಂದು ಪದದ ಉತ್ತರಕ್ಕೆ ಹುಟ್ಟಿದ ಅನುಮಾನವನ್ನು ಕನ್ನಡದ ತುಂಬು ವಾಕ್ಯದ ಮೇಲೆ ಹೇರುವುದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ. ನಮ್ಮ ಭಾಷೆಯಲ್ಲಿ ಮರ್ಯಾದೆ ಕ್ರಿಯಾಪದದಲ್ಲಿಯೇ ಇರುತ್ತದೆ. ‘ಬಾ’ ಎಂದರೆ ಒಂದು, ‘ಬನ್ನಿ’ ಎಂದರೆ ಇನ್ನೊಂದು. ದಾವಣಗೆರೆಯವರ ‘ಬರ್ರಿ’ಯಲ್ಲಿರುವ ಆದರಕ್ಕೆ ಯಾವ ಚಿಹ್ನೆಯ ಆಸರೆಯೂ ಬೇಕಿಲ್ಲ. ‘ಬರುತ್ತೀರಾ’ ಎಂದೊಡನೆ ಅದು ಪ್ರಶ್ನೆಯೆಂದು ಮಗುವಿಗೂ ತಿಳಿಯುತ್ತದೆ. ಇಷ್ಟೆಲ್ಲವನ್ನೂ ಪದಗಳೇ ಹೇಳುತ್ತಿರುವಾಗ ಅವನ್ನು ಬಿಟ್ಟು ಚುಕ್ಕಿಯನ್ನು ಜಾಲಾಡುವುದು ಎಂಥ ಓದು?

ಹಾಗಾದರೆ ಚಿಹ್ನೆಗಳ ಬಗ್ಗೆ ಇಷ್ಟು ಸೂಕ್ಷ್ಮವಾಗಿರುವ ಇವರು ತಾವು ಬರೆಯುವಾಗ ಆ ಸೂಕ್ಷ್ಮವನ್ನು ಎಲ್ಲಿಡುತ್ತಾರೆ? ಬೀದಿಯ ಹಿರಿಯರೊಬ್ಬರು ತೀರಿಕೊಂಡ ಸುದ್ದಿಯ ಕೆಳಗೆ “ಭಾವಪೂರ್ಣ ಶ್ರದ್ಧಾಂಜಲಿ!!!” ಎಂದು ಸಾಲುಸಾಲಾಗಿ ಬಂದವು, ಗೆದ್ದ ಅಭ್ಯರ್ಥಿಗೆ ಅಭಿನಂದನೆ ಹೇಳುವ ಹುರುಪಿನಲ್ಲಿಯೇ. ಮೃತರ ಮಗ ಅದೇ ಗುಂಪಿನಲ್ಲಿದ್ದಾನೆ. ಅವನಿಗೆ ಹೇಗನಿಸಿರಬಹುದೆಂದು ಒಬ್ಬರೂ ಯೋಚಿಸಲಿಲ್ಲ. ಅಲ್ಲಿ ಬೇಕಾಗಿದ್ದದ್ದು ಒಂದೇ ಒಂದು ಶಾಂತವಾದ ಪೂರ್ಣವಿರಾಮ.

ಚುಕ್ಕಿ ತೆಗೆದು ಒಂದು ನಗುಮುಖ ಹಾಕಿಬಿಡಿ, ರಗಳೆಯೇ ಇರುವುದಿಲ್ಲ ಎಂದು ಸಹೋದ್ಯೋಗಿ ಸಲಹೆ ಕೊಟ್ಟಿದ್ದಾರೆ. ನಾನು ಹಾಕುವುದಿಲ್ಲ. ಲೆಕ್ಕ ಕಳುಹಿಸುವಾಗ ನಗಬೇಕಾದ ಕಾರಣ ನನಗೆ ಕಾಣುತ್ತಿಲ್ಲ. ನನ್ನ ಮಾತಿನಲ್ಲಿ ಸಿಟ್ಟಿದೆಯೆಂದು ಅನುಮಾನ ಬಂದವರು ನೇರವಾಗಿ ಫೋನ್ ಮಾಡಿ ನನ್ನನ್ನೇ ಕೇಳಲಿ.