ವಾರಕ್ಕೊಂದು ಮಾತ್ರೆ

ಅಮ್ಮನಿಗೆ ಕೀಲುವಾತ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಚಪಾತಿ ಲಟ್ಟಿಸುವುದನ್ನು ಬಿಟ್ಟು ವರ್ಷವೇ ಆಗಿತ್ತು. ಕೊನೆಗೆ ಡಾಕ್ಟರ್ ಮೆಥೋಟ್ರೆಕ್ಸೇಟ್ ಶುರು ಮಾಡಿದರು. ವಾರಕ್ಕೆ ಒಂದೇ ಮಾತ್ರೆ, ಭಾನುವಾರ. ಮಿಕ್ಕ ಆರು ದಿನ ಫೋಲಿಕ್ ಆಸಿಡ್ ಅನ್ನುವ ವಿಟಮಿನ್ ಮಾತ್ರೆ. ಚೀಟಿಯಲ್ಲಿ ಇಂಗ್ಲಿಷ್‌ನಲ್ಲಿ ಸರಿಯಾಗೇ ಬರೆದಿದ್ದರು.

ನಾನು ಬೆಂಗಳೂರಿನಲ್ಲಿದ್ದೆ. ಅಮ್ಮ ಒಬ್ಬಳೇ ಮೆಡಿಕಲ್‌ಗೆ ಹೋಗಿದ್ದಳು. ಸಂಜೆ ಹೊತ್ತು, ಕೌಂಟರ್ ಮುಂದೆ ಏಳೆಂಟು ಜನ. ಅಲ್ಲಿದ್ದ ಹುಡುಗ ಎರಡೂ ಸ್ಟ್ರಿಪ್ ಕತ್ತರಿಸಿ ಒಂದೇ ಕವರಿಗೆ ಹಾಕಿದ. 'ದಿನಾ ತಿಂಡಿ ಆದ್ಮೇಲೆ ಒಂದೊಂದು ತಗೊಳ್ಳಿ ಅಮ್ಮ' ಅಂದ. ಎರಡೂ ಹಳದಿ ಮಾತ್ರೆ, ಎರಡೂ ಚಿಕ್ಕವು. ಅಮ್ಮ ಅವನು ಹೇಳಿದ ಹಾಗೇ ತಗೊಂಡಳು.

ಆರನೇ ದಿನ ಬಾಯಿ ತುಂಬ ಹುಣ್ಣು. ಮಜ್ಜಿಗೆ ಅನ್ನವೂ ಉರಿಯುತ್ತೆ ಅಂದಳು. ಉಷ್ಣ ಇರಬೇಕು ಅಂತ ಎಳನೀರು ಕುಡಿದಳು, ಹುಣ್ಣಿಗೆ ತುಪ್ಪ ಸವರಿಕೊಂಡಳು. ಫೋನಿನಲ್ಲಿ ಕೇಳಿಸಿಕೊಂಡ ನಾನೂ ಉಷ್ಣವೇ ಅಂದುಕೊಂಡೆ. ಒಂಬತ್ತನೇ ದಿನ ಚಳಿ ಜ್ವರ ಬಂತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರೆ ಬಿಳಿ ರಕ್ತಕಣ ತೀರಾ ಇಳಿದುಹೋಗಿತ್ತು. ಡಾಕ್ಟರ್ ಮಾತ್ರೆಯ ಕವರ್ ತರಿಸಿ ನೋಡಿದರು. ಎರಡು ತಿಂಗಳಿಗೆ ಅಂತ ಬರೆದಿದ್ದ ಎಂಟು ಮಾತ್ರೆ ಎಂಟೇ ದಿನಕ್ಕೆ ಖಾಲಿ.

ಹನ್ನೊಂದು ದಿನ ಆಸ್ಪತ್ರೆ. ಮೆಥೋಟ್ರೆಕ್ಸೇಟಿನ ವಿಷ ಇಳಿಸುವ ಫೋಲಿನಿಕ್ ಆಸಿಡ್ ಇಂಜೆಕ್ಷನ್ ಕೊಟ್ಟರು. ಅಮ್ಮ ಉಳಿದಳು.

ಮೆಥೋಟ್ರೆಕ್ಸೇಟನ್ನು ದೊಡ್ಡ ಡೋಸಿನಲ್ಲಿ ಕ್ಯಾನ್ಸರ್‌ಗೂ ಕೊಡುತ್ತಾರೆ. ವಾರಕ್ಕೊಮ್ಮೆ ತಗೊಂಡರೆ ಕೀಲುವಾತ ಹಿಡಿತಕ್ಕೆ ಬರುತ್ತೆ. ದಿನಾ ತಗೊಂಡರೆ ಮೂಳೆಯೊಳಗೆ ರಕ್ತಕಣ ಹುಟ್ಟುವುದಕ್ಕೇ ಪೆಟ್ಟು. ಇದೇ ತಪ್ಪಿನಿಂದ ಬೇರೆ ದೇಶಗಳಲ್ಲೂ ಜನ ಸತ್ತಿದ್ದಾರೆ. ಅದಕ್ಕೇ ಬ್ರಿಟನ್‌ನಲ್ಲಿ 2020ರಲ್ಲಿ ಡಾಕ್ಟರುಗಳಿಗೆ ಸೂಚನೆ ಬಂತು: ವಾರದ ಯಾವ ದಿನ ತಗೊಳ್ಳಬೇಕು ಅಂತ ರೋಗಿಯ ಜೊತೆ ಕೂತು ತೀರ್ಮಾನಿಸಿ, ಆ ದಿನದ ಹೆಸರನ್ನು ಚೀಟಿಯಲ್ಲಿ ಪೂರ್ತಿ ಬರೆಯಿರಿ ಅಂತ.

ಅಮ್ಮನ ಚೀಟಿಯಲ್ಲಿ ದಿನದ ಹೆಸರು ಇತ್ತು. ಅದನ್ನು ಓದಿ, ಅಮ್ಮನಿಗೆ ಕನ್ನಡದಲ್ಲಿ ತಿಳಿಸಿ ಹೇಳುವವರು ಕೌಂಟರಿನಲ್ಲಿ ಇರಲಿಲ್ಲ.

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. ಡಾಕ್ಟರ್ ಚೀಟಿಗೆ ಔಷಧಿ ಕೊಡಬೇಕಾದವರು ನೋಂದಣಿ ಆದ ಫಾರ್ಮಸಿಸ್ಟ್ ಅಂತ 1948ರ ಫಾರ್ಮಸಿ ಕಾಯ್ದೆಯೇ ಹೇಳುತ್ತೆ. ಔಷಧಿ ಹೇಗೆ ತಗೊಳ್ಳಬೇಕು, ಏನು ಅಡ್ಡ ಪರಿಣಾಮ, ಎಲ್ಲಿ ಇಡಬೇಕು ಅಂತ ರೋಗಿಗೆ ತಿಳಿಸುವುದೂ ಅವರದೇ ಕೆಲಸ ಅಂತ 2015ರ ನಿಯಮಗಳಲ್ಲಿದೆ. ಆ ಅಂಗಡಿಯ ಗೋಡೆಗೆ ಫಾರ್ಮಸಿಸ್ಟ್ ಸರ್ಟಿಫಿಕೇಟು ಚೆನ್ನಾಗಿ ಫ್ರೇಮ್ ಹಾಕಿಸಿ ತೂಗುಹಾಕಿದ್ದರು. ನಾನು ಆಮೇಲೆ ಮೂರು ಸಲ ಹೋದೆ. ಆ ಸರ್ಟಿಫಿಕೇಟಿನ ಫೋಟೋದಲ್ಲಿರುವವರು ಒಂದು ಸಲವೂ ಸಿಗಲಿಲ್ಲ. ಸರ್ಟಿಫಿಕೇಟು ಬಾಡಿಗೆಗೆ ಕೊಡುವ ಪದ್ಧತಿ ಈ ಲೈನಿನಲ್ಲಿ ಇರುವವರಿಗೆಲ್ಲ ಗೊತ್ತು. ಆ ಹುಡುಗನಿಗೆ ಹತ್ತೊಂಬತ್ತು ವರ್ಷ ಇರಬಹುದು. ಅವನ ಮೇಲೆ ನನಗೆ ಕೋಪ ಇಲ್ಲ. ಅವನನ್ನು ಅಲ್ಲಿ ಒಬ್ಬನೇ ನಿಲ್ಲಿಸಿದವರ ಮೇಲಿದೆ.

ಈಗ ಬೇರೆ ಅಂಗಡಿಗೆ ಹೋಗುತ್ತೇವೆ. ಅಲ್ಲಿ ಒಬ್ಬ ಮೇಡಂ ಇದ್ದಾರೆ, ಅವರೇ ಫಾರ್ಮಸಿಸ್ಟ್. ಮೊದಲ ದಿನ ಚೀಟಿಯನ್ನು ಎರಡು ಸಲ ಓದಿದರು. ಮೆಥೋಟ್ರೆಕ್ಸೇಟನ್ನು ಬೇರೆ ಕವರಿಗೆ ಹಾಕಿ ಮೇಲೆ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ 'ಭಾನುವಾರ ಮಾತ್ರ' ಅಂತ ಕನ್ನಡದಲ್ಲಿ ಬರೆದರು. ಆಮೇಲೆ, 'ಅಮ್ಮ, ಈಗ ನೀವು ಹೇಳಿ, ಇದನ್ನ ಯಾವಾಗ ತಗೋತೀರಾ?' ಅಂದರು. ಅಮ್ಮ ಹೇಳುವ ತನಕ ಕವರ್ ಕೈಬಿಡಲಿಲ್ಲ. 'ನೋವಿಗೆ ಅಂತ ಬೇರೆ ಮಾತ್ರೆ ಏನಾದ್ರೂ ನುಂಗ್ತೀರಾ?' ಅಂತಲೂ ಕೇಳಿದರು. ಕೆಲವು ನೋವಿನ ಮಾತ್ರೆಗಳ ಜೊತೆ ಸೇರಿದರೆ ಮೆಥೋಟ್ರೆಕ್ಸೇಟ್ ಮೈಯಿಂದ ಬೇಗ ಹೊರಗೆ ಹೋಗುವುದಿಲ್ಲವಂತೆ. ಇಷ್ಟಕ್ಕೆಲ್ಲ ಹಿಡಿದಿದ್ದು ಎರಡು ನಿಮಿಷ.

ಸ್ಟ್ರಿಪ್ ಕತ್ತರಿಸಬೇಕಾದರೂ ಅವರು ಹೆಸರು, ಬ್ಯಾಚ್ ನಂಬರು, ಎಕ್ಸ್‌ಪೈರಿ ಇರುವ ಭಾಗ ನಮ್ಮ ಕಡೆ ಬರುವ ಹಾಗೆ ಕತ್ತರಿಸುತ್ತಾರೆ. ತಮ್ಮಲ್ಲಿ ಉಳಿದ ತುಂಡಿನ ಮೇಲೆ ಅದನ್ನೆಲ್ಲ ಬರೆದಿಟ್ಟುಕೊಳ್ಳುತ್ತಾರೆ. ಇದು ಸಣ್ಣ ವಿಷಯ ಅಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೋಲ್ಡ್ರಿಫ್ ಕೆಮ್ಮಿನ ಸಿರಪ್ ಕುಡಿದು ಪುಟ್ಟ ಮಕ್ಕಳು ಸತ್ತರಲ್ವಾ? ಆಗ ಎಲ್ಲ ಕಡೆ ಹುಡುಕಿದ್ದು ಎಸ್‌ಆರ್-13 ಅನ್ನುವ ಬ್ಯಾಚ್ ನಂಬರನ್ನು. ಬಿಲ್ಲೂ ಇಲ್ಲ, ಬ್ಯಾಚ್ ನಂಬರೂ ಇಲ್ಲ ಅಂದರೆ ಮನೆಯಲ್ಲಿರುವ ಔಷಧಿ ವಾಪಸ್ ತರಿಸಿಕೊಂಡಿರುವುದಾ, ಡೇಟ್ ಬಾರ್ ಆಗಿರುವುದಾ ಅಂತ ತಿಳಿಯುವುದಾದರೂ ಹೇಗೆ? ಹತ್ತು ರೂಪಾಯಿ ಕಮ್ಮಿ ಆಗುತ್ತೆ ಅಂತ 'ಬಿಲ್ ಬೇಡ ಬಿಡಿ' ಅನ್ನುವ ಅಭ್ಯಾಸ ನನಗೂ ಇತ್ತು. ಈಗ ಬಿಟ್ಟಿದ್ದೇನೆ.

ಹಳೇ ಅಂಗಡಿಯ ಬಗ್ಗೆ ಔಷಧ ನಿಯಂತ್ರಣ ಇಲಾಖೆಗೆ ಬರೆದು ದೂರು ಕೊಟ್ಟಿದ್ದೇನೆ. ಅದರಲ್ಲಿ ಕೇಳಿದ್ದು ಒಂದೇ. ತಪಾಸಣೆಗೆ ಸಂಜೆ ಏಳು ಗಂಟೆಗೆ ಬನ್ನಿ. ಕ್ಲಿನಿಕ್ ಬಿಟ್ಟು ಜನ ಚೀಟಿ ಹಿಡಿದು ನಿಂತಿರುವ ಹೊತ್ತಿನಲ್ಲಿ ಬನ್ನಿ. ಗೋಡೆಯ ಮೇಲಿನ ಫೋಟೋ ನೋಡಿ, ಕೌಂಟರಿನಲ್ಲಿ ಮಾತ್ರೆ ಕತ್ತರಿಸುತ್ತಿರುವವರ ಮುಖವನ್ನೂ ನೋಡಿ.