ವೀರಗಲ್ಲಿಗೂ ಡಬ್ಬಿ ಯೋಗ ಬರಲಿ

ಹೊಸಕೋಟೆ ದಾಟಿದ ಮೇಲೆ ಯಾವುದೋ ಕೆರೆ ಏರಿ, ಏರಿಯ ಮೇಲೊಂದು ವೀರಗಲ್ಲು ಅಂದುಕೊಳ್ಳಿ. ಅಲ್ಲೇ ಆಚೆ ಹುಣಸೆ ಮರದ ಬುಡದಲ್ಲಿ ಬೆಂಗಳೂರಿನ ಯಾರೋ ಪ್ಲಾಸ್ಟಿಕ್ ಡಬ್ಬಿ ಬಚ್ಚಿಟ್ಟು, ಅಕ್ಷಾಂಶ ರೇಖಾಂಶ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಜಿಯೋಕ್ಯಾಶ್ ಅಂದರೆ ಇದೇ. ಫೋನ್ ಹಿಡಿದು ಹುಡುಕಬೇಕು, ಒಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು, ಇದ್ದ ಹಾಗೇ ಇಟ್ಟು ಬರಬೇಕು.

ಡಬ್ಬಿಯ ದೌಲತ್ತು ಕೇಳಿ. ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್ ಅಂತರ ಇರಲೇಬೇಕು. ಕೇಂದ್ರದ ರಕ್ಷಿತ ಸ್ಮಾರಕಕ್ಕೆ ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಕೊಟ್ಟಿರುವ, ಹೊಸದಾಗಿ ಕಟ್ಟಡ ಕಟ್ಟುವಂತಿಲ್ಲದ ನಿಷೇಧಿತ ವಲಯ 100 ಮೀಟರ್. ಅಂದರೆ ಉಪ್ಪಿನಕಾಯಿ ತುಂಬಬಹುದಾದ ಡಬ್ಬಿಗೆ 61 ಮೀಟರ್ ಹೆಚ್ಚು ಮರ್ಯಾದೆ. ಯಾವ ಪಟ್ಟಿಯಲ್ಲೂ ಇಲ್ಲದ ನಮ್ಮ ವೀರಗಲ್ಲಿಗೋ? ಲೇಔಟಿನವರು ಚರಂಡಿಗೆ ಬಿಟ್ಟಷ್ಟು.

ಡಬ್ಬಿ ಇಡುವವನು ನೆಲ ಅಗೆಯುವಂತಿಲ್ಲ. ತಿಂಡಿ ಇಡುವಂತಿಲ್ಲ, ಇರುವೆ, ಕೋತಿ ಮುತ್ತುತ್ತವೆ. (2000ದ ಮೇ 3ರಂದು ಅಮೆರಿಕದ ಆರೆಗಾನ್‌ನಲ್ಲಿ ಇಟ್ಟ ಮೊಟ್ಟಮೊದಲ ಬಕೆಟ್ಟಿನಲ್ಲೇ ಬೀನ್ಸ್ ಡಬ್ಬ ಇತ್ತು, ಇರಲಿ.) ಹಳೇ ಕೋಟೆಯ ಸಂದಿಗಂತೂ ತುರುಕಲೇಬಾರದು. ಎತ್ತರದ ಗೋಡೆಗೆ ಬಡಿದು ಬರುವ ಜಿಪಿಎಸ್ ಸಿಗ್ನಲ್ ಹತ್ತು ಮೀಟರ್ ಆಚೆ ತೋರಿಸುತ್ತದೆ, ಹುಡುಕಲು ಬಂದವನು ಒಂದೊಂದೇ ಕಲ್ಲು ಕೀಳಲು ಶುರು ಮಾಡುತ್ತಾನೆ. ಆಕಾಶ ಕಾಣುವ ಜಾಗ ಆರಿಸಿ, ಬೇರೆ ಬೇರೆ ಹೊತ್ತಲ್ಲಿ ನಾಲ್ಕೈದು ಸಲ ರೀಡಿಂಗ್ ತಗೊಂಡು ಸರಾಸರಿ ಹಾಕಬೇಕು. ಮುಚ್ಚಳದ ರಬ್ಬರ್ ರಿಂಗಿನಲ್ಲಿ ಒಂದು ಹರಳು ಮರಳು ಕೂತರೂ ನೀರು ನುಗ್ಗಿ, ಮುಂಗಾರಿಗೆ ಪುಸ್ತಕ ಅಂಬಲಿಯಾಗುತ್ತದೆ. ಅದಕ್ಕೇ ಪುಸ್ತಕಕ್ಕೆ ಜಿಪ್ ಕವರ್, ಜೊತೆಗೊಂದು ತೇವ ಹೀರುವ ಸಿಲಿಕಾ ಪೊಟ್ಟಣ, ಪೆನ್ನಿನ ಬದಲು ಪೆನ್ಸಿಲ್. ಒದ್ದೆಯಾಗಿದೆ ಅಂತ ದೂರು ಬಂದ ಮೇಲೂ ಇಟ್ಟವನು ಅಲುಗಾಡದಿದ್ದರೆ ಡಬ್ಬಿಯನ್ನೇ ಪಟ್ಟಿಯಿಂದ ಕಿತ್ತುಹಾಕುತ್ತಾರೆ. ವೀರಗಲ್ಲು ಒದ್ದೆಯಾಗಿದೆ ಅಂತ ದೂರು ಕೊಟ್ಟು ನೋಡಿ. "ಬಟ್ಟೆ ಒಗೆದರೆ ಒದ್ದೆಯಾಗದೆ ಇನ್ನೇನಾಗುತ್ತೆ?" ಅಂತಾರೆ.

ಹೆಸರು ಬರೆಯುವ ವಿಷಯವೂ ಅಷ್ಟೆ. ಡಬ್ಬಿಯಲ್ಲಿ ಅಂಗುಲದಗಲದ ಕಾಗದ, ತಾರೀಕು, ಪುಟ್ಟ ಸಹಿ. ಸ್ಮಾರಕದಲ್ಲಿ ನೀಲಿ ಬೋರ್ಡು: ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆ ಲಕ್ಷದ ಒಂದು ಸೊನ್ನೆಯನ್ನು ಮೊಳೆಯಲ್ಲಿ ಕೆರೆದು ಹೃದಯ ಮಾಡಿ, ಅದಕ್ಕೊಂದು ಬಾಣ ಚುಚ್ಚಿರುತ್ತಾರೆ.

ಊರಿನವರ ಅನುಮಾನ ಮಾತ್ರ ಡಬ್ಬಿ ಹುಡುಕುವವನ ಮೇಲೇ. ಹಗಲು ಹೊತ್ತಲ್ಲಿ ಫೋನ್ ನೋಡುತ್ತಾ ಬಂಡೆ ಸುತ್ತುವವನಿಗೆ, "ಏನ್ ಸಾರ್, ನಿಧಿನಾ?" ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು, ಹಾರೆ ಹಿಡಿದು ಬಂದು ನಂದಿಯ ಬುಡ ಅಗೆಯುವವರಿಗೆ ಈ ವಿಚಾರಣೆ ಇಲ್ಲ. ನೆಲದಲ್ಲಿ ಅಡಗಿದ, 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಅಂತ ಬ್ರಿಟಿಷರು 1878ರಲ್ಲೇ ಕಾಯ್ದೆ ಮಾಡಿದ್ದರು. ಡಬ್ಬಿಯಲ್ಲಿರುವುದು ಒಂದು ಕೀಚೈನು, ಎರಡು ಗೋಲಿ. ಹಾಗಾಗಿ ಒಳಗಿರುವುದು ಕಾಣುವಂಥ ಪಾರದರ್ಶಕ ಡಬ್ಬಿಯೇ ವಾಸಿ. ಮೇಲೆ ಕನ್ನಡದಲ್ಲೇ ದಪ್ಪಕ್ಷರ ಇರಲಿ: "ಆಟದ ಡಬ್ಬಿ. ಬಾಂಬ್ ಅಲ್ಲ, ನಿಧಿಯೂ ಅಲ್ಲ."

ಬೆಂಗಳೂರು ಅನ್ನುವ ಹೆಸರಿಗೇ ಬೇಗೂರಿನ 9ನೇ ಶತಮಾನದ ವೀರಗಲ್ಲು ಸಾಕ್ಷಿ. ಆದರೂ ಕಲ್ಲುಗಳಿಗೆ ಕಲ್ಲಾಗಿದ್ದು ಸುಖವಿಲ್ಲ. ಏರಿಯ ಮೇಲಿನದನ್ನು ಡಬ್ಬಿ ಅಂತಲೇ ನೋಂದಾಯಿಸಿಬಿಡೋಣ. ಗಾತ್ರ: ದೊಡ್ಡದು. ಹುಡುಕುವ ಕಷ್ಟ: 5ಕ್ಕೆ 5, ಅರ್ಧ ಮಣ್ಣಲ್ಲಿದೆ, ಉಳಿದರ್ಧಕ್ಕೆ ಪ್ಲಾಟ್ ನಂಬರ್ ಬರೆದಿದೆ. ಸುಳಿವು: ಸೋಪಿನ ನೊರೆ ಹರಿದು ಬರುವ ದಿಕ್ಕಿಗೆ ನಡೆಯಿರಿ.